ಸೊನ್ನೆ-ಸೊನ್ನೆ ಆಗಬೇಕಿದ್ದ ಪಂದ್ಯ

ಪಿಯೆವೆಸೆಕ್ಕಾ,
ಮಂಗಳವಾರ, 16 ಜೂನ್ 1992

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಗಟ್ಟಿ ಐಸ್‌ಕ್ರೀಮನ್ನು ಒಂದೇ ಕೈಯಲ್ಲಿ ಕೆರೆದರೆ ನೋಯದೆ ಇನ್ನೇನು? ಎಡಗೈಯನ್ನೂ ರೂಢಿ ಮಾಡಿಕೋ ಎಂದು ಅಪ್ಪ ಹೇಳುವುದು ತಮಾಷೆಗಲ್ಲ. ಕಾಸೆಲ್‌ನಲ್ಲಿ ಈಗಲಾದರೂ ಬಿಸಿಲು ಬಂದಿದೆಯೇ? ಬಂದಿದ್ದರೆ ನಿಮ್ಮಿಬ್ಬರಿಗೂ ಊಟಕ್ಕೆ ಪುರುಸೊತ್ತಿರುವುದಿಲ್ಲ, ಬಂದಿಲ್ಲದಿದ್ದರೆ ಅಪ್ಪನ ಮುಖ ನೋಡುವ ಹಾಗಿರುವುದಿಲ್ಲ. ನಾನು ಹೊಟ್ಟೆತುಂಬ ಉಣ್ಣುತ್ತಿದ್ದೇನೆ. ನಿದ್ದೆ ಮಾತ್ರ ಬರುತ್ತಿಲ್ಲ. ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ.

ಫೋನಿನಲ್ಲೇ ಹೇಳೋಣವೆಂದು ಎರಡು ಸಲ ನೋಡಿದೆ. ನೀನು 'ಹೇಳು ಮಗಾ' ಎನ್ನುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಯಾರನ್ನೋ ಜರ್ಮನ್ ಭಾಷೆಯಲ್ಲಿ 'ಪಿಸ್ತಾನಾ, ನಿಂಬೆಯಾ?' ಎಂದು ಕೇಳುತ್ತೀಯ. ತಪ್ಪು ಹೇಳುತ್ತಿಲ್ಲ. ಸಾಲಿನಲ್ಲಿ ಹತ್ತು ಮಕ್ಕಳು ನಿಂತಿರುವಾಗ ಮಗನ ಕಥೆ ಕೇಳುವುದಕ್ಕಾಗುತ್ತದೆಯೇ? ಅದಕ್ಕೇ ಕಾಗದ. ಇದನ್ನು ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ಒಂದು ಸಲ ಎದ್ದು ಬೂಟು ತೊಳೆದೆ. ಇನ್ನೊಂದು ಸಲ ಹೊಳೆಯವರೆಗೆ ಓಡಿ ವಾಪಸು ಬಂದೆ. ಮೂರನೆಯ ಸಲ ಯಾಕೆ ಎದ್ದೆನೆಂದು ನನಗೇ ಗೊತ್ತಿಲ್ಲ, ಇವಾನೊನ ಮನೆಯ ಅಂಗಳದಲ್ಲಿ ನಿಂತು ಅವನ ಕೋಳಿಗಳನ್ನು ನೋಡಿಕೊಂಡು ಒಳಗೆ ಬಂದೆ. ಶಾಲೆಯಲ್ಲೂ ಹೀಗೇ ಇದ್ದೆ, ನಿನಗೆ ಗೊತ್ತಿರುವುದೇ. ಹೈಸ್ಕೂಲಿನ ಮೂರನೆಯ ವರ್ಷದಲ್ಲಿ ಬಿಟ್ಟುಬಂದಾಗ ಮೇಷ್ಟ್ರು ಬರೆದ ಚೀಟಿಯಲ್ಲಿ 'ಇವನ ಬೆಂಚಿಗೆ ಮೊಳೆ ಇದ್ದ ಹಾಗಿದೆ' ಎಂದಿತ್ತು. ಆ ಚೀಟಿಯನ್ನು ಬಚ್ಚಿಡದೆ ನಾನೇ ನಿನ್ನ ಕೈಗೆ ಕೊಟ್ಟಿದ್ದೆ ಎನ್ನುವುದು ಮಾತ್ರ ನಿನಗೆ ನೆನಪಿರಲಿ.

ಅಲ್ಲಿ ನಿಮ್ಮ ಪಕ್ಕದ ಬೀದಿಯ ಅಂಗಡಿಗೆ ನಮ್ಮ ದೇಶದ ಪತ್ರಿಕೆ ಬರುತ್ತದಲ್ಲ, ಅದರಲ್ಲಿ ನೀನು ನೋಡಿರುತ್ತೀಯ. ನನ್ನ ಚಿತ್ರ, ಕೆಳಗೆ 'ರಾಜಿಯಾಗದ ಹುಡುಗ' ಎಂಬ ಶೀರ್ಷಿಕೆ. ಅಪ್ಪ ಕತ್ತರಿಸಿ ಐಸ್‌ಕ್ರೀಮ್ ಯಂತ್ರದ ಮೇಲೆ ಅಂಟಿಸಿರುತ್ತಾರೆ. ತೆಗೆದುಬಿಡು. ಅದು ಸುಳ್ಳು. ನಾನೇ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ, ಮೊದಲಿನಿಂದ ಹೇಳುತ್ತೇನೆ.

ಈ ಸಲದ ಲೀಗಿನ ಕೊನೆಯ ಪಂದ್ಯ ನಮಗೂ ಟೊರ್ರೆಮಾರಿನಾ ತಂಡಕ್ಕೂ ಇತ್ತು. ಸಮಬಲವಾದರೆ ಇಬ್ಬರಿಗೂ ಒಂದೊಂದು ಪಾಯಿಂಟು, ಇಬ್ಬರೂ ಉಳಿಯುತ್ತಿದ್ದೆವು. ಸೋತವರು ಕೆಳಗಿನ ಲೀಗಿಗೆ. ಇಂಥ ಪಂದ್ಯ ನಮ್ಮ ದೇಶದಲ್ಲಿ ಹೇಗೆ ನಡೆಯುತ್ತದೆಂದು ಅಪ್ಪನನ್ನು ಕೇಳು. ತೊಂಬತ್ತು ನಿಮಿಷ ಚೆಂಡು ಮೈದಾನದ ನಡುವೆಯೇ ಸುತ್ತಾಡುತ್ತದೆ, ಯಾರ ಬೆವರೂ ಹರಿಯುವುದಿಲ್ಲ, ಕೊನೆಗೆ ಎಲ್ಲರೂ ಕೈಕುಲುಕಿ ರಜೆಗೆ ಹೋಗುತ್ತಾರೆ. ಇದಕ್ಕೆ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಪಂದ್ಯದ ಹಿಂದಿನ ದಿನ, ಶನಿವಾರ, ಹೋಟೆಲಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಇವಾನೊ ಕಾಫಿ ಕಪ್ಪು ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಬಂದ. ನೀನು ಬಲ್ಲ ಅದೇ ಇವಾನೊ ಗಾಲೆಯಾತ್ಸಿ, ನಮ್ಮ ಕ್ಯಾಪ್ಟನ್, ಎರಡು ವರ್ಷದಿಂದ ನನ್ನನ್ನು ಮನೆಯಲ್ಲಿಟ್ಟುಕೊಂಡವನು. ನನ್ನ ಹೆಗಲ ಮೇಲೆ ಕೈಯಿಟ್ಟು, 'ನಾಳೆ ಬಿಸಿಲು ಜೋರು ಮಿರ್ಕೊ, ಯಾರೂ ಜಾಸ್ತಿ ಓಡೋದು ಬೇಡ. ಅವರ ಕ್ಯಾಪ್ಟನ್ ಹತ್ರ ಮಾತಾಗಿದೆ. ಸೊನ್ನೆ-ಸೊನ್ನೆ' ಅಂದ. ನಾನು 'ಸರಿ' ಅಂದೆ. ಅಮ್ಮಾ, ಇದೇ ಮುಖ್ಯ. ಯೋಚಿಸಲಿಲ್ಲ, ಮುಖ ಸಿಂಡರಿಸಲಿಲ್ಲ, ಸರಿ ಅಂದು ಹಣ್ಣು ಸುಲಿದು ತಿಂದೆ.

ಭಾನುವಾರ ಎಂಬತ್ತಮೂರು ನಿಮಿಷ ಎಲ್ಲವೂ ಮಾತಾದ ಹಾಗೆಯೇ ನಡೆಯಿತು. ನಮ್ಮ ಗೋಲ್‌ಕೀಪರ್ ಕಂಬಕ್ಕೆ ಒರಗಿಕೊಂಡಿದ್ದ. ಆಮೇಲೆ ನಮಗೊಂದು ಕಾರ್ನರ್ ಸಿಕ್ಕಿತು. ಕಾರ್ನರ್ ಬಂದರೆ ನಾನು ಮುಂದೆ ಹೋಗುವುದು ವಾಡಿಕೆ, ಎತ್ತರದ ಡಿಫೆಂಡರುಗಳೆಲ್ಲ ಹೋಗುತ್ತಾರೆ. ಹೋಗದಿದ್ದರೆ ನೋಡುವವರಿಗೆ ಅನುಮಾನ ಬರುತ್ತದೆಂದು ಇವಾನೊನೇ ಕಣ್ಣುಸನ್ನೆ ಮಾಡಿದ. ನನ್ನನ್ನು ಕಾಯಬೇಕಾದ ಗಡ್ಡದವನು ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, 'ರಜೆಗೆ ಎಲ್ಲಿಗೆ ಹೋಗ್ತೀಯೋ?' ಎಂದು ಕೇಳುತ್ತಿದ್ದ. ನಾನು ಉತ್ತರ ಹೇಳುತ್ತಿದ್ದೆ, ಆಣೆಗೂ. 'ಅಪ್ಪ ಅಮ್ಮ ಇರೋ' ಎನ್ನುವಷ್ಟರಲ್ಲಿ ಚೆಂಡು ಬಂತು. ಹನ್ನೆರಡು ವರ್ಷದವನಾಗಿದ್ದಾಗಿನಿಂದ ದಿನಕ್ಕೆ ಐವತ್ತು ಸಲ ಅಂಥ ಚೆಂಡಿಗೆ ನೆಗೆದು ತಲೆ ಕೊಟ್ಟಿದ್ದೇನೆ. ಆಗಲೂ ನೆಗೆದುಬಿಟ್ಟೆ. ಇಳಿದು ನೋಡಿದರೆ ಚೆಂಡು ಬಲೆಯೊಳಗಿತ್ತು. ಗಡ್ಡದವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ನಮ್ಮ ಊರಿನ ಜನ ಕುಣಿಯುತ್ತಿದ್ದರು, ಮೈದಾನದಲ್ಲಿ ಒಬ್ಬನೂ ಬಂದು ನನ್ನನ್ನು ತಬ್ಬಿಕೊಳ್ಳಲಿಲ್ಲ. ಇವಾನೊ ಮಾತ್ರ ಹತ್ತಿರ ಬಂದು, ಹಲ್ಲು ಕಚ್ಚಿ, 'ಏನ್ ಮಾಡಿದ್ಯೋ ಕತ್ತೆ' ಅಂದ.

ಆಮೇಲಿನ ಹತ್ತು ನಿಮಿಷ ನೀನು ನೋಡಿದ್ದರೆ ನಗುತ್ತಿದ್ದೆ. ಇಡೀ ನಮ್ಮ ತಂಡ ಅವರಿಗೆ ಒಂದು ಗೋಲು ಕೊಡಲು ಹೆಣಗಿತು. ಬೇಕೆಂದೇ ಚೆಂಡನ್ನು ಅವರ ಕಾಲಿಗೆ ಹಾಕಿದರು, ಎಡವಿ ಬಿದ್ದರು, ದಾರಿ ಬಿಟ್ಟರು. ಅವರೋ ಗಾಬರಿಯಲ್ಲಿ ಎಲ್ಲವನ್ನೂ ಆಚೆಗೆ ಹೊಡೆದರು. ಕೊನೆಯ ನಿಮಿಷದಲ್ಲಿ ಅವರ ಸ್ಟ್ರೈಕರ್ ಒಬ್ಬನೇ ನುಗ್ಗಿ ಬಂದ. ಇವಾನೊ ಪಕ್ಕಕ್ಕೆ ಸರಿದ. ಗೋಲ್‌ಕೀಪರ್ ಕೂತೇಬಿಟ್ಟ. ನಾನು ಹಿಂದಿನಿಂದ ಓಡಿಬಂದು, ಜಾರಿ, ಅವನ ಕಾಲ್ಬೆರಳಿನ ಮುಂದಿನಿಂದ ಚೆಂಡು ತೆಗೆದೆ. ಅಷ್ಟು ಚೊಕ್ಕವಾಗಿ ನಾನು ಇನ್ನೆಂದೂ ತೆಗೆದಿಲ್ಲ. ಮೊದಲನೆಯದು ಕೈಮೀರಿ ಆದದ್ದು, ಅದನ್ನು ಎದೆ ಮುಟ್ಟಿ ಹೇಳಬಲ್ಲೆ. ಈ ಎರಡನೆಯದರ ಬಗ್ಗೆ ಮಾತ್ರ ಒಂಬತ್ತು ದಿನದಿಂದ ಯೋಚಿಸುತ್ತಿದ್ದೇನೆ, ಒಳಗೆ ಏನಿತ್ತೆಂದು ಸಿಗುತ್ತಿಲ್ಲ. ರೆಫರಿ ಸೀಟಿ ಊದಿದ. ಟೊರ್ರೆಮಾರಿನಾ ಕೆಳಗಿಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಆದರೆ ಅವರ ಗೋಲ್‌ಕೀಪರ್ ಅಳುತ್ತ ಹೊರಗೆ ಬಂದವನು ರೇಡಿಯೋದವನ ಮೈಕಿನ ಮುಂದೆ, 'ಕೊಟ್ಟ ಮಾತು ಉಳಿಸಿಕೊಳ್ಳದ ಜನ ಇವರು' ಅಂದುಬಿಟ್ಟ. 'ಯಾವ ಮಾತು?' ಅಂತ ರೇಡಿಯೋದವನು ಕೇಳಿದ. ಗೋಲ್‌ಕೀಪರನಿಗೆ ತಾನು ಏನು ಹೇಳುತ್ತಿದ್ದೇನೆಂದು ಇನ್ನೂ ಅರ್ಥವಾಗಲಿಲ್ಲ ನೋಡು, 'ಡ್ರಾ ಅಂತ ಶನಿವಾರವೇ ಮಾತಾಗಿತ್ತು, ಆ ಉದ್ದದ ಹುಡುಗ ಕೆಡಿಸಿದ' ಎಂದು ಇಡೀ ಜಿಲ್ಲೆಗೆ ಕೇಳುವಂತೆ ದೂರು ಹೇಳಿದ. ಮೋಸ ಸರಿಯಾಗಿ ನಡೆಯಲಿಲ್ಲವೆಂದು ಬಹಿರಂಗವಾಗಿ ನ್ಯಾಯ ಕೇಳಿದವನು ಅವನೊಬ್ಬನೇ ಇರಬೇಕು. ಹೋದ ಮಂಗಳವಾರವೇ ಫುಟ್‌ಬಾಲ್ ಫೆಡರೇಷನ್ನಿನ ವಿಚಾರಣೆ ಶುರುವಾಯಿತು. ಬುಧವಾರ ಪತ್ರಿಕೆಯಲ್ಲಿ ನನ್ನ ಚಿತ್ರ ಬಂತು. ಒಪ್ಪಂದ ಇದ್ದೀತು, ಆದರೆ ಈ ಹುಡುಗ ಅದಕ್ಕೆ ಸೇರಲಿಲ್ಲ, ಗೋಲೇ ಸಾಕ್ಷಿ ಎಂದು ಬರೆದರು. ಬ್ರೆಡ್ಡಿನ ಅಂಗಡಿಯ ಮುದುಕ ನನ್ನನ್ನು ಕಂಡು ಟೋಪಿ ತೆಗೆದ. ನಾನು ಬ್ರೆಡ್ಡು ಕೊಳ್ಳದೆ ಓಡಿಬಂದೆ.

ನಾಡಿದ್ದು ಗುರುವಾರ ಬೆಳಿಗ್ಗೆ ಬೊಲೊನ್ಯಾದಲ್ಲಿ ನನ್ನ ಹೇಳಿಕೆ. ಇವಾನೊನದು ಅದೇ ದಿನ ಮೂರು ಗಂಟೆಗೆ. ಕ್ಲಬ್ಬಿನ ನಿರ್ದೇಶಕ ಸ್ಪಾದೋನಿ ನಿನ್ನೆ ನನ್ನನ್ನು ಕಚೇರಿಗೆ ಕರೆದು ಕೂರಿಸಿ, ನಾನು ಕೂರಲಾರದೆ ಎದ್ದುನಿಂತರೆ ಮತ್ತೆ ಕೂರಿಸಿ, ಬಹಳ ಅಕ್ಕರೆಯಿಂದ ಮಾತಾಡಿದರು. 'ನಿನಗೇನೂ ಗೊತ್ತಿರಲಿಲ್ಲ, ಅಷ್ಟೇ ಹೇಳು. ಗೋಲು ಹೊಡೆದವನನ್ನ ಯಾರಪ್ಪ ಅನುಮಾನಿಸ್ತಾರೆ?' ಮೇಲಿನ ಲೀಗಿನ ತಂಡವೊಂದು ನನ್ನನ್ನು ಕೇಳಿದೆಯಂತೆ. ಅಲ್ಲಿಯ ತರಬೇತುದಾರ, 'ತಲೆ ಯೋಚಿಸೋಕೆ ಮೊದಲೇ ಮೈ ಓಡುತ್ತಲ್ಲ, ಅಂಥ ಡಿಫೆಂಡರ್ ನನಗೆ ಬೇಕು' ಅಂದನಂತೆ. ಒಪ್ಪಂದದ ವಿಷಯ ಗೊತ್ತಿದ್ದೂ ದೂರು ಕೊಡದಿದ್ದರೆ ಅದೇ ಅಪರಾಧ, ಆರು ತಿಂಗಳೋ ವರ್ಷವೋ ಆಡುವ ಹಾಗಿಲ್ಲ. ನಾನು ದೂರು ಕೊಡದೆ ಇದ್ದದ್ದಷ್ಟೇ ಅಲ್ಲ, ಸರಿ ಅಂದವನು. ನಿಜ ಹೇಳಿದರೆ ಮೇಲಿನ ತಂಡವೂ ಇಲ್ಲ, ಈ ತಂಡವೂ ಇಲ್ಲ. ನನ್ನದು ಹೋದರೆ ಹೋಗಲಿ ಎನ್ನಬಹುದು. 'ನಿನಗೆ ಯಾರು ಹೇಳಿದರು?' ಎಂದು ಅವರು ಕೇಳದೆ ಬಿಡುವುದಿಲ್ಲವಲ್ಲ. ಆಗ ನನ್ನ ಬಾಯಿಂದ ಬರಬೇಕಾದ ಹೆಸರು ಇವಾನೊನದು.

ಅವನಿಗೆ ಮೂವತ್ತಾರು. ಇದು ಅವನ ಕೊನೆಯ ವರ್ಷ. ಸೆಪ್ಟೆಂಬರಿನಿಂದ ಹುಡುಗರ ತಂಡಕ್ಕೆ ಅವನೇ ತರಬೇತುದಾರ ಎಂದು ನಿಶ್ಚಯವಾಗಿತ್ತು. ಶಿಕ್ಷೆಯಾದರೆ ಆ ಬಾಗಿಲು ಮುಚ್ಚುತ್ತದೆ, ಆಟ ಬಿಟ್ಟು ಬೇರೆ ಕೆಲಸ ಅವನು ಮಾಡಿದವನಲ್ಲ. ಎದುರಾಳಿಯ ಬೂಟನ್ನಲ್ಲ, ಸೊಂಟವನ್ನು ನೋಡು ಎಂದು ನನಗೆ ಕಲಿಸಿದವನು ಅವನೇ. ಮೊದಲ ಚಳಿಗಾಲದಲ್ಲಿ ನನಗೆ ಜ್ವರ ಬಂದಾಗ ನೀನು ಚಳಿಗೆ ಅಂಗಡಿ ಮುಚ್ಚಿ ನಮ್ಮ ಕಣಿವೆಯ ಮನೆಗೆ ಬಂದಿದ್ದೆ, ಹೊರಟು ಬರುತ್ತೇನೆ ಎಂದು ಹಟ ಹಿಡಿದಿದ್ದೆ. ಅವನ ಹೆಂಡತಿ ಒರ್ನೆಲ್ಲಾ ಫೋನಿನಲ್ಲಿ, 'ನೀವು ಹಿಮದಲ್ಲಿ ಬಸ್ಸು ಹತ್ತಬೇಡಿ ಅಕ್ಕಾ, ಇವನು ನನ್ನ ಮಗುವಿನ ಹಾಗೆ' ಅಂದಿದ್ದು ನಿನಗೂ ಗೊತ್ತು. ಅವರು ಈಗಲೂ ನನ್ನ ತಟ್ಟೆಗೆ ಇವಾನೊನಿಗಿಂತ ಮೊದಲು ಬಡಿಸುತ್ತಾರೆ. ಅಂಥ ಮನೆಯ ಊಟ ಮಾಡಿ ಹೋಗಿ ಆ ಹೆಸರು ಹೇಳಬೇಕು. ಹೇಳದೆ ಇರಬೇಕೆಂದರೆ ಟೋಪಿ ತೆಗೆದ ಆ ಮುದುಕನ ಮುಂದೆ ಬದುಕಿರುವಷ್ಟು ದಿನ ನಡೆದಾಡಬೇಕು. ಇವೆರಡರ ನಡುವೆ ಹೊಳೆಯವರೆಗೆ ಓಡುತ್ತೇನೆ, ವಾಪಸು ಬರುತ್ತೇನೆ.

ನನಗೆ ಬುದ್ಧಿ ಹೇಳಬೇಡ, ಹೇಗೂ ನಿನ್ನ ಉತ್ತರ ಬರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ. ಅದಕ್ಕಾಗಿಯೇ ಈಗ ಬರೆದೆನೋ ಏನೋ. ಅಪ್ಪನಿಗೆ ಇದನ್ನು ಅಂಗಡಿ ಮುಚ್ಚಿದ ಮೇಲೆ ಓದಿ ಹೇಳು, ಯಂತ್ರದ ಮುಂದೆ ನಿಂತಿರುವಾಗ ಬೇಡ. ನಿನ್ನ ಮಣಿಕಟ್ಟಿಗೆ ಬಿಸಿ ಉಪ್ಪಿನ ಶಾಖ ಕೊಡು. ಇಬ್ಬರ ಕೈಗೂ ನನ್ನ ಮುತ್ತು.

ನಿನ್ನ ಕೂರಲಾರದ ಮಗ,
ಮಿರ್ಕೊ

ಮತ್ತೆ:

ಗುರುವಾರ, ಬೊಲೊನ್ಯಾ ರೈಲು ನಿಲ್ದಾಣ. ಕಾಗದವನ್ನು ಅಂಚೆಗೆ ಹಾಕದೆ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ರೈಲಿಗೆ ಹನ್ನೆರಡು ನಿಮಿಷವಿದೆ.

ಹೇಳಿದೆ ಅಮ್ಮಾ. ಎದುರಿಗೆ ಕೂತವರು 'ನಿಮಗೆ ಏನೂ ಗೊತ್ತಿರಲಿಲ್ಲ, ಅಲ್ವಾ?' ಎನ್ನುತ್ತ ಅರ್ಧ ಉತ್ತರವನ್ನು ಬರೆದೇಬಿಟ್ಟಿದ್ದರು. ಗೊತ್ತಿತ್ತು, ಸರಿ ಅಂದಿದ್ದೆ ಎಂದೆ. 'ಇನ್ನೊಂದ್ಸಲ ಯೋಚಿಸಿ ಹೇಳಪ್ಪಾ' ಅಂದರು. ಅದನ್ನೇ ಹೇಳಿದೆ. ಗೋಲು ತಪ್ಪಿ ಆದದ್ದು, ಕೊನೆಗೆ ಚೆಂಡು ತೆಗೆದದ್ದು ಬೇಕೆಂದೋ ಅಲ್ಲವೋ ಗೊತ್ತಿಲ್ಲ ಎಂದೆ. 'ಗೊತ್ತಿಲ್ಲ' ಎಂದೇ ಬರೆದುಕೊಂಡರು. ಆಮೇಲೆ ಆ ಹೆಸರು ಕೇಳಿದರು. ಅದನ್ನೂ ಹೇಳಿದೆ.

ಹೇಳುತ್ತೇನೆಂದು ನಿನ್ನೆಯೇ ಇವಾನೊನಿಗೆ ತಿಳಿಸಿದ್ದೆ. ಅವನು ಕೋಳಿಗೆ ಕಾಳು ಹಾಕುತ್ತಿದ್ದ. ತುಂಬ ಹೊತ್ತು ಹಾಕಿದ. 'ನಾನು ಬೇಡ ಅಂದ್ರೆ ಬಿಡ್ತೀಯಾ?' ಎಂದು ಕೇಳಿದ. ಇಲ್ಲ ಅಂದೆ. 'ಹಾಗಾದ್ರೆ ಒರ್ನೆಲ್ಲಾಗೂ ನೀನೇ ಹೇಳು, ನನ್ ಕೈಲಾಗಲ್ಲ' ಅಂದ. ಒಳಗೆ ಹೋಗಿ ಹೇಳಿದೆ. ಅವರು ಮೇಜಿನ ಮೇಲೆ ಮೂರು ತಟ್ಟೆ ಇಟ್ಟರು, ಮೊದಲು ಇವಾನೊನಿಗೆ ಬಡಿಸಿದರು. ಅವನು ಮೂರು ಗಂಟೆಗೆ ಒಳಗೆ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ, ಕೇಳಲಿಲ್ಲ.

ಆ ಮನೆಯಿಂದ ಚೀಲ ತರಲು ಹೋಗುತ್ತಿದ್ದೇನೆ. ಮುಂದಿನ ವಾರ ಕಾಸೆಲ್‌ಗೆ ಬರುತ್ತೇನೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಜಾಗ ಮಾಡು. ನಿನ್ನ ಕೈಗೆ ಬಿಡುವು, ನಾನು ಕೆರೆಯುತ್ತೇನೆ. ಈ ಹೊತ್ತಿನಲ್ಲಿ ಮಗ ಯಾಕೆ ಬಂದ ಎಂದು ಅಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಣಿವೆಯವರು ಕೇಳಿದರೆ, ಕಾಲಿಗೆ ಪೆಟ್ಟಾಗಿದೆ ಎಂದು ಹೇಳಬೇಡ. ನೀನು ಹಾಗೆ ಹೇಳಬಹುದು ಎಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಕಾಲು ಚೆನ್ನಾಗಿಯೇ ಇದೆ.