ಕನ್ನಡಿಯ ಮೇಲಿನ ಗೀರು

ಕ್ಯಾಸಂಬಳ್ಳಿ
೯ ಮಾರ್ಚ್ ೨೦೨೪

ನವ್ಯಳ ಅಪ್ಪನಿಗೆ, ಸುಮಲತಳ ನಮಸ್ಕಾರ.

ಹೇಗಿದ್ದೀರಿ? ವಿಶಾಖಪಟ್ಟಣದ ಸೆಕೆಯಲ್ಲಿ ವೆಲ್ಡಿಂಗ್ ಕೆಲಸ, ಕಣ್ಣುರಿ ಹೆಚ್ಚಾಗಿರಬೇಕು. ಒದ್ದೆ ಬಟ್ಟೆ ಹಾಕಿಕೊಳ್ಳಿ. ನವ್ಯ ಚೆನ್ನಾಗಿದ್ದಾಳೆ. ಸೀಮೆಹಸು ಕರು ಹಾಕಿದೆ, ಹೆಣ್ಣು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಹೇಳಲೇಬೇಕಾದ ಮಾತೊಂದಿದೆ; ನಿಮ್ಮ ದನಿ ಕೇಳಿದ ಕೂಡಲೇ ಫೋನನ್ನು ನವ್ಯಳ ಕೈಗೆ ಕೊಟ್ಟುಬಿಡುತ್ತೇನೆ.

ನವ್ಯಳಿಗೆ ಶನಿಗ್ರಹದ ಬಳೆ ತೋರಿಸಬೇಕೆಂದು ಎಂಟು ತಿಂಗಳು ಕೊಟ್ಟಿಗೆಯಲ್ಲಿ ಡ್ರಮ್ಮಿನ ಮೇಲೆ ಗಾಜಿಟ್ಟು, ಅದರ ಸುತ್ತ ತಿರುಗುತ್ತಾ ಟೆಲಿಸ್ಕೋಪಿನ ಕನ್ನಡಿ ಉಜ್ಜಿದಿರಿ. ಸಂಕ್ರಾಂತಿಯ ಹಿಂದಿನ ದಿನ ಅದರ ನಡುವೆ ಉದ್ದ ಗೀರು ಕಂಡು, ಯಾರು ಮುಟ್ಟಿದ್ದು ಎಂದು ಕೇಳಿದಿರಿ. "ಅತ್ತೆ ಅಲ್ಲೆಲ್ಲ ಗುಡಿಸ್ತಿದ್ರು" ಎಂದೆ. ಅವರು ಗುಡಿಸಿದ್ದು ನಿಜ. ಕನ್ನಡಿ ಒರೆಸಿದವಳು ನಾನು. ಧೂಳು ಕೂತಿದೆಯಲ್ಲ ಎಂದು ಸೆರಗಿನಿಂದ ಒರೆಸಿದೆ. ಸೆರಗಿಗೆ ಮರಳು ಅಂಟಿದೆಯೆಂದು ಕಿರ್ ಎಂದಾಗಲೇ ತಿಳಿದದ್ದು. ನೀವು ನಿಮ್ಮ ಅಮ್ಮನ ಮೇಲೆ "ಕಣ್ ಕಾಣ್ಸಲ್ವೇನಮ್ಮಾ?" ಎಂದು ಕೂಗಾಡುವಾಗ ನಾನು ಒಲೆಯ ಕಡೆ ಮುಖ ಮಾಡಿ ಕೂತಿದ್ದೆ.

ಅವರಿಗೆ ಹೋಗಿಬರುತ್ತೇನೆ ಎಂದೂ ಹೇಳದೆ ನೀವು ಬಂಗಾರಪೇಟೆಯಲ್ಲಿ ರೈಲು ಹತ್ತಿದಿರಿ. ಇವತ್ತಿಗೂ ಅವರ ಹತ್ತಿರ ಮಾತಿಲ್ಲ. ಅವರು ಏನು ಮಾಡಿದರು ಗೊತ್ತೇ? ನೀವು ಹೊರಟ ವಾರವೇ ನವ್ಯಳ ಕೈಲಿ ನಿಮ್ಮ ನೋಟ್‌ಬುಕ್ ಓದಿಸಿ, ಮೊದಲು ನಯವಾದ ಪುಡಿ, ಆಮೇಲೆ ಹೊಳಪಿನ ಕೆಂಪು ಪುಡಿ ಹಾಕಿ ಮತ್ತೆ ಉಜ್ಜತೊಡಗಿದರು. ಹಾಲು ಕರೆದಾದ ಮೇಲೆ ದಿನಾ ಒಂದು ಗಂಟೆ. ಸುಮ್ಮನೆ ನೋಡುತ್ತಾ ನಿಲ್ಲಲಾರದೆ ನಾನೂ ಸೇರಿಕೊಂಡೆ. ಗೀರು ಹೋಯಿತು, ಹೊಳಪೂ ಬಂತು. ನಿನ್ನೆ ಬಾಗಿಲಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ನೀವು ಅಳೆಯುತ್ತಿದ್ದಂತೆಯೇ ಕನ್ನಡಿಗೆ ಬ್ಯಾಟರಿ ಬಿಟ್ಟು, ವಾಪಸು ಬರುವ ಬೆಳಕಿಗೆ ಬ್ಲೇಡು ಅಡ್ಡ ಹಿಡಿದೆವು. ಉಬ್ಬುತಗ್ಗು ನೆರಳಾಗಿ ಕಾಣುತ್ತದಲ್ಲ, ನಡುವೆ ಉಬ್ಬು ಕಾಣಲಿಲ್ಲ. ಅಂಚಿನಲ್ಲಿ ಮಾತ್ರ ಸ್ವಲ್ಪ ತಗ್ಗು. ಅದನ್ನು ನೀವೇ ಬಂದು ಸರಿಮಾಡಬೇಕು. ಅತ್ತೆ ಕನ್ನಡಿಗೆ ಬಟ್ಟೆ ಮುಚ್ಚುತ್ತಾ "ಇನ್ನಾದ್ರೂ ಮಾತಾಡ್ತಾನೇನೋ" ಎಂದರು. ಅದಕ್ಕೇ ಇವತ್ತು ಈ ಕಾಗದ ಬರೆಯಲು ಕೂತೆ.

ವೇಳೆಗೆ ಸರಿಯಾಗಿ ಉಣ್ಣಿ. ನವ್ಯ ಮುತ್ತು ಕಳಿಸಿದ್ದಾಳೆ.

ಇಂತಿ,
ಸುಮಲತ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅತ್ತೆಗೂ ಹೇಳಿಬಿಟ್ಟೆ. ರಾಗಿ ಕೇರುತ್ತಲೇ, "ಗೊತ್ತು ಕಣಮ್ಮಿ, ಆ ಕನ್ನಡಿ ಕೆಂಪು ಪುಡಿ ಅವತ್ತೇ ನಿನ್ ಸೆರಗಲ್ಲಿ ನೋಡ್ದೆ" ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. "ಊರು ಬಿಟ್ಟು ಓಗೋನು, ಎಂಡ್ತಿ ಮೇಲೆ ಮುನಿಸ್ಕೊಂಡು ಓಗ್ಬಾರ್ದು. ನಾನು ಎತ್ತ ತಾಯಿ, ನಾಳೆ ಮಾತಾಡ್ಸ್ತಾನೆ ಅಂದ್ಕೊಂಡೆ." ಆ ನಾಳೆಗೆ ಎರಡು ತಿಂಗಳಾಯಿತು. ಇದನ್ನು ಓದಿದ ಕೂಡಲೇ ಅವರಿಗೆ ಫೋನ್ ಮಾಡಿ. ನನ್ನನ್ನು ಆಮೇಲೆ ಬೈಯಿರಿ.