ಕ್ಯಾಡಿಲ್ಯಾಕಿನ ಮುಂದಿನ ಸೀಟು

ಅಬ್ಬಾ,

ಇದು ನಿಮ್ಮನ್ನು ತಲುಪುವುದಿಲ್ಲ, ಗೊತ್ತು. ಹಿಬಾಳನ್ನು ಈಗಷ್ಟೇ ಹೆರಿಗೆಗೆ ಒಳಗೆ ಕರೆದುಕೊಂಡರು. ಕೋವಿಡ್ ನಿಯಮದಂತೆ ಗಂಡಂದಿರು ಕಾರಿನಲ್ಲೇ ಕಾಯಬೇಕು. ಐರ್ಲೆಂಡಿನ ಈ ಕಾರ್ಕ್ ಊರಿನ ಆಸ್ಪತ್ರೆಯ ಮುಂದೆ ನಾನು ಕೂತಿರುವುದು ಒಂದು ಹಳೇ ಕ್ಯಾಡಿಲ್ಯಾಕಿನಲ್ಲಿ. ಶಿವಾಜಿನಗರದಲ್ಲಿ ನೀವು ಮದುವೆಗಳಿಗೆ ಓಡಿಸುತ್ತಿದ್ದಂಥದ್ದೇ. ಹಾಸಿಗೆಯಂಥ ಸೀಟು, ಹಡಗಿನಂಥ ಮೈ. ಅದಕ್ಕೇ ಕೊಂಡೆ. ಇಲ್ಲಿನ ಪಾರ್ಕಿಂಗ್ ಗೆರೆಯೊಳಗೆ ಹಿಡಿಸುವುದಿಲ್ಲ.

ಇದರ ಸ್ಟೀರಿಂಗ್ ಎಡಕ್ಕೆ. ಹೊರಡುವ ಗಾಬರಿಯಲ್ಲಿ ನಾನು ಅಭ್ಯಾಸದಂತೆ ಬಲಗಡೆ ಹತ್ತಿ ಕೂತೆ. ಬಾಗಿಲು ಹಿಡಿದು ನಿಂತಿದ್ದ ಹಿಬಾ ನೋವಿನಲ್ಲೂ, "ಸ್ಟೀರಿಂಗ್ ಆ ಕಡೆ ಐತೆ ರೀ, ಸ್ವಲ್ಪ ಜರುಗಿ" ಅಂದಳು. ಇಳಿಯದೆ ಉದ್ದ ಸೀಟಿನ ಮೇಲೆ ಹಾಗೇ ಜರುಗಿದೆ, ಚಿಕ್ಕವನಿದ್ದಾಗ ನೀವೂ ಅಮ್ಮಿಯೂ ನನ್ನನ್ನು ಕೂರಿಸಿಕೊಳ್ಳುತ್ತಿದ್ದ ನಡುವಿನ ಜಾಗ ದಾಟಿಕೊಂಡು.

ಈಗ ಆ ಜಾಗದಲ್ಲಿ ಫೋನ್ ಇಟ್ಟಿದ್ದೇನೆ. ಇನ್ನೂ ಸದ್ದಿಲ್ಲ. ನರ್ಸ್ ಹೊರಗೆ ಬಂದು "ಆಲ್ ಗ್ರ್ಯಾಂಡ್" ಅಂದು ಹೋದಳು, ಎಲ್ಲ ಸರಿಯಿದೆ ಅನ್ನಲು ಇಲ್ಲಿನವರು ಹೇಳುವ ಮಾತು. ಪಕ್ಕದ ಕಾರಿನವನಿಗೂ ಅದನ್ನೇ ಅಂದಳು.

ನಿಮ್ಮನ್ನು ಕೋವಿಡ್ ವಾರ್ಡಿಗೆ ಸೇರಿಸಿದಾಗ ಅಮ್ಮಿಯನ್ನೂ ಒಳಗೆ ಬಿಡಲಿಲ್ಲವಂತೆ. ಅವರು ಎಲ್ಲಿ ಕೂತು ಕಾದರು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.