ಅಡುಗೆಮನೆಯ ಗೋಡೆ

ನಿಗಡಿ, ಪುಣೆ

ರೇಣು ಅವರಿಗೆ ನಮಸ್ಕಾರ.

ನಿಮ್ಮ ನಕ್ಷೆ ನೋಡಿದೆ. ಅಡುಗೆಮನೆಯ ಗೋಡೆ ಒಡೆದರೆ ಮನೆಗೆ ಬೆಳಕು ಬರುತ್ತದೆ ಎಂದಿದ್ದೀರಿ. ನಾನು ಒಪ್ಪುವುದಿಲ್ಲ. ಒಳಾಂಗಣ ವಿನ್ಯಾಸದ ಪುಸ್ತಕಗಳನ್ನು ನಾನೂ ಓದಿದ್ದೇನೆ. ಮನೆಯವರು ಹೇಗೆ ಓಡಾಡುತ್ತಾರೆಂದು ನೋಡುವುದೇ ಅವುಗಳ ಮೊದಲ ಪಾಠ. ಅಳತೆಗೆ ಬಂದ ದಿನ ನೀವು ಟೇಪು ಹಿಡಿದು ಗೋಡೆಗಳನ್ನಷ್ಟೇ ನೋಡಿದಿರಿ.

ನಿಮಗೆ ಚಹಾ ತಂದುಕೊಟ್ಟವಳು ನನ್ನ ಹೆಂಡತಿ ಇಂದೂ. ಅವಳಿಗೆ ಕಣ್ಣು ಕಾಣುವುದಿಲ್ಲ. ಒಂದು ಕೈಯಲ್ಲಿ ಕಪ್ ಹಿಡಿದು, ಇನ್ನೊಂದು ಕೈಯಿಂದ ಅದೇ ಗೋಡೆಯನ್ನು ಸವರುತ್ತ ಬಂದಳು. ನಿಮಗದು ಗೊತ್ತಾಗಲಿಲ್ಲ.

ನಕ್ಷೆಯ ವಿಷಯ ಹೇಳಿದಾಗ ನಕ್ಕಳು. "ಬೆಳಕ ತಗೊಂಡು ನಾ ಏನ್ ಮಾಡ್ಲಿರಿ? ನನಗ ಗೋಡಿ ಬೇಕು" ಅಂದಳು.

ಬಣ್ಣ, ಕಪಾಟು ನಿಮ್ಮಿಷ್ಟ. ಗೋಡೆ ಉಳಿಸಿ ಹೊಸ ನಕ್ಷೆ ತನ್ನಿ. ಚಹಾ ಅವಳೇ ಕೊಡುತ್ತಾಳೆ.

ಇಂತಿ,
ಶ್ಯಾಮರಾವ ದೇಸಾಯಿ